ಅಟ್ಟದ ಚೌಕಾಬಾರ

ಕಣಕಟ್ಟೆ
9 ಜನವರಿ 2023

ಚಿದಂಬರ ಅವರಿಗೆ ಶರಣು.

ಸಂಜೆ ಐದೂವರೆ. ಬೆಳಿಗ್ಗೆಯಿಂದ ಮರಿಯಣ್ಣ ಹೊಸ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಏರಿಸಿದ. ಯಾವ ತಿಂಗಳ ಕಾಯಿ ಎಂದು ರಾಶಿಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಬರೆಯುವುದು ನಮ್ಮ ಮನೆಯ ಪದ್ಧತಿ. ವರ್ಷ ತುಂಬಿ, ಕಾಯಿಯೊಳಗೆ ಕೊಬ್ಬರಿ ಅಲುಗಾಡುವವರೆಗೆ ಆ ಬರಹವೇ ಗುರುತು. ಇಷ್ಟು ದಿನ ನಮ್ಮ ಯಜಮಾನರು ಬರೆಯುತ್ತಿದ್ದರು. ಇವತ್ತು ನಾನು ಇದ್ದಿಲು ಹಿಡಿದು ನಿಂತೆ. ಅವರ ಅಕ್ಷರದ ಪಕ್ಕ ನನ್ನದನ್ನು ಬರೆಯಲು ಕೈ ಏಳಲಿಲ್ಲ. ಮಗಳು ಪ್ರತಿಮಾಳಿಂದ ಬರೆಸಿದೆ.

ಅವರು ಹೋಗಿ ಇವತ್ತಿಗೆ ನಲವತ್ತೈದು ದಿನ. ನೀವು ಫೋನು ಮಾಡಿದಾಗಲೆಲ್ಲ ಅದನ್ನು ಪ್ರತಿಮಾಳ ಕೈಗೆ ಕೊಟ್ಟುಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದಿನಾ ಡೈರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ನೀವೂ ಅವರೂ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮುಗಿಸಿದವರು. ನೀವು ಹುಳುಗಳ ಸಂಶೋಧನೆಗೆಂದು ಬೆಂಗಳೂರಿಗೆ ಹೋದಿರಿ, ಅವರು ತೋಟಕ್ಕೆ ಬಂದರು. ಆದರೂ ಇಪ್ಪತ್ತಾರು ವರ್ಷ ಅವರ ಬಾಯಲ್ಲಿ ನಿಮ್ಮ ಹೆಸರು ಬಾರದ ವಾರವಿರಲಿಲ್ಲ.

ಗಾಜಿನ ಮುಚ್ಚಳದ ಪೆಟ್ಟಿಗೆ ಹಾಗೇ ಇದೆ. ಅದರಲ್ಲಿ ನಲವತ್ತೊಂದು ಚೌಕಾಬಾರಗಳಿವೆ. ಆ ಹೆಸರು ಅವರಿಟ್ಟದ್ದು. ಅಕ್ಕಿಕಾಳಿಗಿಂತ ತುಸು ಉದ್ದ, ಇಟ್ಟಿಗೆ ಕೆಂಪಿನ ಮೈ, ಬೆನ್ನ ಮೇಲೆ ಕಪ್ಪುನೀಲಿ ಚೌಕಗಳು, ಹೆಂಗಸರು ನೆಲದ ಮೇಲೆ ಸುಣ್ಣದಲ್ಲಿ ಬರೆದು ಆಡುವ ಚೌಕಾಬಾರದ ಮನೆಗಳ ಹಾಗೆ. ಒಂದೊಂದು ಹುಳುವಿನ ಸೂಜಿಗೂ ಅವರು ಕೈಯಾರೆ ಬರೆದ ಚೀಟಿ ಇದೆ. ಯಾವ ದಿನ ಸಿಕ್ಕಿತು, ಯಾವ ತಿಂಗಳ ರಾಶಿಯ ಕೆಳಗೆ, ಎಷ್ಟನೇ ಬಿದಿರು ದಬ್ಬೆಯಲ್ಲಿ. ಕೊನೆಗೆ ‘ಇಂದುಧರ’ ಎಂದು ಹೆಸರು. ಎಂಟು ವರ್ಷ ಅವರು ಬ್ಯಾಟರಿ ಕಚ್ಚಿಕೊಂಡು ಅಟ್ಟದ ಕೆಳಗೆ ಅಂಗಾತ ಮಲಗಿ ನೋಡಿದ್ದು ಇದನ್ನೇ. ಅದು ಕೊಬ್ಬರಿ ಮುಟ್ಟುವುದಿಲ್ಲ. ಅಟ್ಟದ ಬಿದಿರನ್ನು ಕೊರೆದು ಹಿಟ್ಟು ಮಾಡುವ ಮರಿಹುಳುಗಳನ್ನು ತಿಂದು ಬದುಕುತ್ತದೆ. ಮರಿಯಣ್ಣ ಇವತ್ತೂ ಅದೇ ಹೇಳಿದ.

“ಅವ್ವಾರೆ, ಇದು ಅಟ್ಟದ ಕಾವಲುಗಾರ ಕಣ್ರೀ. ಸಂಬಳ ಕೇಳಲ್ಲ, ಬೀಡಿ ಕೇಳಲ್ಲ. ಸಾವ್ಕಾರ್ರು ಇನ್ನೊಂದ್ ವರ್ಷ ಇದ್ದಿದ್ರೆ ನನ್ನ ಬಿಡ್ಸಿ ಇದನ್ನೇ ಕೆಲಸಕ್ಕೆ ಇಟ್ಕಂಬಿಡೋರು.”

ಅವರು ಹೋದ ಮೇಲೆ ನಾನು ನಕ್ಕಿದ್ದು ಇವತ್ತೇ ಮೊದಲು.

ಹಾಸನದ ಆಸ್ಪತ್ರೆಯಲ್ಲಿ ನೀವು ಅವರ ಕೈ ಹಿಡಿದು ಹೇಳಿದಿರಿ, “ಇಂದೂ, ಇದು ಲೋಕಕ್ಕೇ ಹೊಸ ಹುಳ ಕಣೋ. ಹೆಸರಿಡೋನು ನಾನು, ಹೆಸರು ನಿಂದು.” ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. ನನಗೆ ಬೇಕಾಗಿರುವುದು ಅದೊಂದೇ. ಪೆಟ್ಟಿಗೆ ನಿಮ್ಮದು. ಯಾವಾಗ ಕಳಿಸಲಿ ಹೇಳಿ.

ಒಂದು ಮಾತು ನಡೆಸಿಕೊಡಿ. ನಮ್ಮ ಮನೆಯ ವಿಳಾಸವಾಗಲಿ, ಅಟ್ಟದ ಸುದ್ದಿಯಾಗಲಿ ಬರೆಯಬೇಡಿ. ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಅಂಗಡಿ ನೋಡಿಕೊಳ್ಳುವ ನನ್ನ ಮೈದುನ ಇಂದ್ರೇಶ ಕೈಮುಗಿದು ಹೇಳಿದ್ದಾನೆ. “ಅತ್ತಿಗೆ, ಆ ಹುಳ ಒಳ್ಳೇದೋ ಕೆಟ್ಟದ್ದೋ ಯಾರಿಗೆ ಬೇಕು? ‘ಅವರ ಅಟ್ಟದಲ್ಲಿ ಹುಳ ಐತಂತೆ’ ಅನ್ನೋದೊಂದು ಮಾತು ಸಾಕು, ನಮ್ಮ ಚೀಲ ಯಾರೂ ಬಿಚ್ಚಿ ನೋಡಲ್ಲ.” ಕೊಬ್ಬರಿ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ನಾಳೆ ಕಾಯಿ ಸುಲಿಯುವವರು ಬರುತ್ತಾರೆ.

ಇಂತಿ,
ಉಷಾರಾಣಿ ಇಂದುಧರ

*

ಬೆಂಗಳೂರು
2 ಫೆಬ್ರವರಿ 2023

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ತಪ್ಪೇನಿಲ್ಲ. ನನ್ನ ವಿದ್ಯಾರ್ಥಿಗಳು ಇಷ್ಟು ಚೆನ್ನಾಗಿ ಬರೆಯುವುದಿಲ್ಲ.

ಮನೆಯ ವಿಷಯ ನನಗೆ ಬಿಡಿ. ಕಣಕಟ್ಟೆ ಎಂದು ಬರೆದರೆ, ಅಲ್ಲಿ ಹುಳು ಸಾಕುವವರು ಯಾರು ಎಂದು ಹುಡುಕಿಕೊಂಡು ಬರುವವರಿದ್ದಾರೆ. ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ. ಜಾಗ ಹಳೇಬೀಡು ಎಂದಿರಲಿ. ಅದೇ ಸೀಮೆ, ಅದೇ ಹವೆ, ಹೆಚ್ಚು ವ್ಯತ್ಯಾಸವಿಲ್ಲ. ಈ ಕಾಗದದ ಜೊತೆ ದಪ್ಪ ಹಾಳೆಯ ಖಾಲಿ ಚೀಟಿಗಳನ್ನು ಇಟ್ಟಿದ್ದೇನೆ. ನಿಮ್ಮ ಕೈ ಸಣ್ಣಕ್ಷರಕ್ಕೆ ಪಳಗಿದ್ದು, ನನಗೆ ಆ ತಾಳ್ಮೆ ಇಲ್ಲ. ಹಳೇಬೀಡು ಕೆರೆ ಏರಿ ಎಂದು ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದು, ತಾರೀಖು ಮತ್ತು ಹೆಸರಿನ ಸಾಲುಗಳನ್ನು ಖಾಲಿ ಬಿಡಿ. ಅವನ್ನು ನಾನು ತುಂಬುತ್ತೇನೆ. ಹಳೇ ಚೀಟಿ ತೆಗೆದು ಇವನ್ನು ಸೂಜಿಗೆ ಸಿಕ್ಕಿಸಿ. ಹಳೆಯವನ್ನು ಒಲೆಗೆ ಹಾಕಿಬಿಡಿ. ಎರಡೂ ಇದ್ದರೆ ಮುಂದೆ ಗೊಂದಲವಾಗುತ್ತದೆ.

ಇಂದುವಿಗೆ ಕೊಟ್ಟ ಮಾತು ನನಗೆ ನೆನಪಿದೆ.

ನಿಮ್ಮ
ಚಿದಂಬರ

*

ಕಣಕಟ್ಟೆ
26 ಫೆಬ್ರವರಿ 2023

ಚಿದಂಬರ ಅವರಿಗೆ ಶರಣು.

ಮಧ್ಯಾಹ್ನ ಮೂರು ಗಂಟೆ. ಇವತ್ತು ಕೊನೆಯ ಒಂಬತ್ತು ಚೀಟಿ ಮುಗಿಸಿದೆ.

ಮೂರು ದಿನ ಹಿಡಿಯಿತು. ಅವರ ಮಸೂರವನ್ನು ಪುಸ್ತಕಗಳ ಮೇಲೆ ನಿಲ್ಲಿಸಿಕೊಂಡು ಬರೆದೆ. ಸೂಜಿಯಿಂದ ಹಳೇ ಚೀಟಿ ಎಳೆಯುವಾಗ ಒಂದು ಹುಳುವಿನ ಮೀಸೆ ಮುರಿಯಿತು. ಅದಕ್ಕೆ ನನ್ನನ್ನು ಕ್ಷಮಿಸಿ. ಪ್ರತಿಮಾ ಪಕ್ಕದಲ್ಲಿ ಕೂತಿದ್ದಳು. “ಅಮ್ಮ, ಅಪ್ಪ ಯಾವತ್ತು ಹಳೇಬೀಡಲ್ಲಿ ಹುಳ ಹಿಡಿದ್ರು?” ಎಂದು ಕೇಳಿದಳು. “ಚಿದಂಬರ ಮಾಮನಿಗೆ ಗೊತ್ತಿರುತ್ತೆ, ಸುಮ್ನಿರು” ಎಂದೆ.

ಇಂದ್ರೇಶ ನಾಳೆ ಬೆಳಗಿನ ರೈಲಿಗೆ ಪೆಟ್ಟಿಗೆ ತರುತ್ತಾನೆ. ಎಲ್ಲಿಯೂ ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡು ಹೋಗು ಎಂದು ಹೇಳಿದ್ದೇನೆ.

ಇಂತಿ,
ಉಷಾರಾಣಿ ಇಂದುಧರ

*

ಕಣಕಟ್ಟೆ
17 ಡಿಸೆಂಬರ್ 2023

ಚಿದಂಬರ ಅವರಿಗೆ ಶರಣು.

ಬೆಳಿಗ್ಗೆ ಹನ್ನೊಂದು. ಮನೆ ಈಗ ಗುಡಿಸಿ ಮುಗಿಯಿತು. ತಿಥಿಯ ಲೆಕ್ಕದಂತೆ ಗುರುವಾರ ಅವರ ವರ್ಷದ ಕಾರ್ಯ ಆಯಿತು. ಮಠದಿಂದ ಸ್ವಾಮಿಗಳು ಬಂದಿದ್ದರು. ನಿಮಗೆ ಕಾರ್ಯದ ಪತ್ರಿಕೆ ತಲುಪಿತ್ತೆಂದು ಇಂದ್ರೇಶ ಹೇಳಿದ. ಮೊದಲ ಪಂಕ್ತಿಯಲ್ಲಿ ನಿಮಗೆಂದು ಒಂದು ಎಲೆ ಹಾಕಿ ಕಾದೆವು. ಆಮೇಲೆ ಅಲ್ಲಿ ಮರಿಯಣ್ಣನನ್ನು ಕೂರಿಸಿದೆವು.

ಮಾರ್ಚಿನಿಂದ ನಾಲ್ಕು ಕಾಗದ ಬರೆದಿದ್ದೇನೆ. ಕೆಲಸ ಹೆಚ್ಚಿರಬೇಕು. ನಮ್ಮತ್ತೆ ದಿನಾ ಒಂದು ಸಲ ಕೇಳುತ್ತಾರೆ, “ನನ್ ಮಗನ ಹೆಸರು ಹುಳಕ್ಕೆ ಬಂತೇನೇ?” ಎಂದು. ಅವರಿಗೆ ಎಂಬತ್ತೊಂದು. ಏನು ಹೇಳಲಿ?

ಇಂತಿ,
ಉಷಾರಾಣಿ ಇಂದುಧರ

*

ಬೆಂಗಳೂರು
19 ಜನವರಿ 2024

ಅತ್ತಿಗೆ,

ಅವಸರದಲ್ಲಿದ್ದೇನೆ. ಹೊಸ ಜೀವಿಯನ್ನು ವಿವರಿಸುವುದೆಂದರೆ ಕೂದಲೆಳೆಯಷ್ಟು ಭಾಗವನ್ನೂ ಅಳೆಯಬೇಕು, ಬೇರೆ ದೇಶಗಳ ಸಂಗ್ರಹದ ಜೊತೆ ಹೋಲಿಸಬೇಕು. ವರ್ಷಗಳು ಹಿಡಿಯುತ್ತವೆ. ಬಂದಾಗ ನಾನೇ ತಿಳಿಸುತ್ತೇನೆ. ನಿಮ್ಮ ಅತ್ತೆಗೆ ನಮಸ್ಕಾರ.

ಚಿದಂಬರ

*

ಕಣಕಟ್ಟೆ
11 ಆಗಸ್ಟ್ 2024

ಚಿದಂಬರ ಅವರಿಗೆ,

ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ. ನಿನ್ನೆ ಪ್ರತಿಮಾ ಅರಸೀಕೆರೆಯ ಕಾಲೇಜಿನಿಂದ ಬರುವಾಗ ಒಂಬತ್ತು ಹಾಳೆ ಪ್ರಿಂಟು ಮಾಡಿಸಿಕೊಂಡು ಬಂದಳು. ಚಪ್ಪಲಿ ಬಿಡದೆ ನನ್ನ ಮುಂದೆ ಇಟ್ಟಳು. ಹುಳುವಿನ ಬಗ್ಗೆ ನೀವು ಬರೆದ ಲೇಖನ, ಮೇ ತಿಂಗಳಲ್ಲೇ ಅಚ್ಚಾಗಿದೆಯಂತೆ. ಬಂದಾಗ ನಾನೇ ತಿಳಿಸುತ್ತೇನೆ ಎಂದಿದ್ದಿರಿ.

ನಾನು ನಿಧಾನವಾಗಿ, ಅವಳಿಂದ ಕೇಳಿಕೊಂಡು ಓದಿದೆ. ಹುಳುವಿನ ಹೆಸರು ದೋರಸಮುದ್ರೆನ್ಸಿಸ್. ಹಳೇಬೀಡಿನ ಹಳೇ ಹೆಸರಿನ ಮೇಲೆ ಇಟ್ಟಿದ್ದೀರಂತೆ. ಮೀಸೆಗೆ ಹನ್ನೊಂದು ಗೆಣ್ಣು, ರೆಕ್ಕೆಯ ಚಿಪ್ಪಿನ ಮೇಲೆ ಹದಿಮೂರು ಚೌಕ. ಅದೆಲ್ಲ ಸರಿಯಾಗಿದೆ. ಅವರೂ ಹದಿಮೂರೇ ಎಣಿಸಿದ್ದರು. ಸಂಗ್ರಹಿಸಿದವರು ಎಂದಿರುವಲ್ಲಿ ನಿಮ್ಮ ಹೆಸರಿದೆ. ಕೃತಜ್ಞತೆಯಲ್ಲಿ ಎಂಟು ಜನರಿದ್ದಾರೆ. ಫೋಟೋ ತೆಗೆದ ಲಕ್ಷ್ಮೀಶ ಇದ್ದಾರೆ, ನಿಮ್ಮ ಜೀಪು ಓಡಿಸಿದ ಗಂಗಯ್ಯನೂ ಇದ್ದಾನೆ. ಅವರಿಲ್ಲ. ನಾನು ಮೂರು ಸಲ ಬೆರಳಿಟ್ಟು ಹುಡುಕಿದೆ, ಇಂಗ್ಲಿಷ್ ನನಗೆ ಸರಿಯಾಗಿ ಬಾರದಿದ್ದಕ್ಕೆ ಕಾಣುತ್ತಿಲ್ಲವೇನೋ ಎಂದು.

ಅದರ ಆಹಾರ ತಿಳಿದಿಲ್ಲ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಮರಿಯಣ್ಣನಿಗೂ ತಿಳಿದಿದೆ.

ಕೊನೆಯ ಪುಟದಲ್ಲಿ ಹುಳುವಿನ ಚಿತ್ರದ ಕೆಳಗೆ ಅದರ ಚೀಟಿಯ ಚಿತ್ರವೂ ಇದೆ. ಮೊದಲ ಸಾಲು ನನ್ನ ಅಕ್ಷರ. ನನ್ನ ಕೈಬರಹವನ್ನು ಅಚ್ಚಿನಲ್ಲಿ ನೋಡಿದ್ದು ಬದುಕಿನಲ್ಲಿ ಇದೇ ಮೊದಲು. ಕೆಳಗಿನ ಎರಡು ಸಾಲು ನಿಮ್ಮ ಅಕ್ಷರ. ನಿಮ್ಮ ಹೆಸರು, ಅದರ ಮೇಲೆ ತಾರೀಖು: 22 ನವೆಂಬರ್ 2022.

ಆ ದಿನದ ನನ್ನ ಡೈರಿಯನ್ನು ಇಲ್ಲಿ ಇಳಿಸುತ್ತೇನೆ. “ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಚಿದಂಬರ ಆಸ್ಪತ್ರೆಗೆ ಬಂದರು. ಇವರು ಅವರನ್ನು ನೋಡಿ ಮೂರು ಚಮಚ ಗಂಜಿ ಕುಡಿದರು. ಚಿದಂಬರ ಸಂಜೆ ಆರರವರೆಗೆ ಮಂಚದ ಪಕ್ಕದಿಂದ ಏಳಲಿಲ್ಲ, ಊಟಕ್ಕೂ ಹೋಗಲಿಲ್ಲ. ಹುಳುವಿಗೆ ಇವರ ಹೆಸರಿಡುವ ಮಾತು ಕೊಟ್ಟು ಹೋದರು.”

ಆ ದಿನ ನೀವು ಹಳೇಬೀಡಿನ ಕೆರೆ ಏರಿಯ ಮೇಲೆ ಯಾವಾಗ ಹುಳು ಹಿಡಿದಿರಿ? ಅಚ್ಚು ಹಾಕಲು ನಿಮಗೆ ಬೇರೆ ಯಾವ ದಿನವೂ ಸಿಗಲಿಲ್ಲವೆ?

ಮನೆಯ ಹೆಸರು ಮುಚ್ಚಿ ಎಂದು ಬೇಡಿಕೊಂಡವಳು ನಾನೇ. ಅವರ ಹೆಸರು ಮುಚ್ಚಿ ಎಂದಿರಲಿಲ್ಲ.

ಉಷಾರಾಣಿ

*

ಬೆಂಗಳೂರು
2 ಸೆಪ್ಟೆಂಬರ್ 2024

ಅತ್ತಿಗೆ,

ನಿಮ್ಮ ಕಾಗದ ಬಂದು ಎರಡು ವಾರ ದಾಟಿತು. ಕೈಯಲ್ಲಿ ಬರೆಯಲು ಆಗಲಿಲ್ಲ, ಟೈಪು ಮಾಡುತ್ತಿದ್ದೇನೆ.

ನಿಜವನ್ನೇ ಹೇಳುತ್ತೇನೆ. ಆ ತಿಂಗಳು ನನಗೆ ರಜೆ ಸಿಕ್ಕಿರಲಿಲ್ಲ. ಇಂದುವನ್ನು ನೋಡಲೇಬೇಕಿತ್ತು. ಹಳೇಬೀಡಿಗೆ ಹುಳು ಸಂಗ್ರಹಕ್ಕೆ ಹೋಗುತ್ತೇನೆ ಎಂದು ಕಚೇರಿಯಲ್ಲಿ ಪ್ರವಾಸ ಬರೆಸಿ ಹಾಸನಕ್ಕೆ ಬಂದೆ. ಗಂಗಯ್ಯನಿಗೆ ಮಾತ್ರ ಗೊತ್ತಿತ್ತು. ಜನವರಿ ಮಧ್ಯದಲ್ಲಿ ತಪಾಸಣೆಯವರು, ಆ ಪ್ರವಾಸದಲ್ಲಿ ಏನು ಸಿಕ್ಕಿತು ತೋರಿಸಿ ಎಂದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅದೇ ವಾರ ನಿಮ್ಮ ಕಾಗದ ಬಂತು, ಮನೆಯ ಹೆಸರು ಬರೆಯಬೇಡಿ ಎಂದು.

ಇಂದುವಿನ ಹೆಸರಿಟ್ಟಿದ್ದರೆ ಈ ಇಂದುಧರ ಯಾರು, ಎಲ್ಲಿಯವನು ಎಂದು ಕೇಳುತ್ತಿದ್ದರು. ನಿಮ್ಮ ಅಟ್ಟವೂ ಬಯಲಾಗುತ್ತಿತ್ತು, ನನ್ನ ಪ್ರವಾಸವೂ. ಇಬ್ಬರಿಗೂ ಒಳ್ಳೆಯದಾಗಲಿ ಎಂದು ಮಾಡಿದೆ. ಈಗ ಹೆಸರು ಅಚ್ಚಾಗಿದೆ. ನಮ್ಮ ಶಾಸ್ತ್ರದ ನಿಯಮದಲ್ಲಿ ಒಮ್ಮೆ ಅಚ್ಚಾದ ಹೆಸರು, ತಪ್ಪು ಊರಿನದ್ದಾದರೂ ಬದಲಾಗುವುದಿಲ್ಲ. ಮುಂದೆ ಸಿಗುವ ಇನ್ನೊಂದು ಹುಳುವಿಗೆ ಖಂಡಿತ ಅವನ ಹೆಸರಿಡುತ್ತೇನೆ.

ಇನ್ನೊಂದು ಮಾತು. ನೀವು ಯಾರಿಗಾದರೂ ಬರೆಯುವ ಯೋಚನೆಯಲ್ಲಿದ್ದರೆ, ಹಳೇಬೀಡು ಎಂದು ಬರೆದಿರುವ ಕೈ ಯಾರದ್ದು ಎಂಬುದನ್ನೂ ಯೋಚಿಸಿ. ನನಗಿಂತ ನಿಮಗೇ ನೋವಾಗುತ್ತದೆ.

ಚಿದಂಬರ

*

ಕಣಕಟ್ಟೆ
20 ಅಕ್ಟೋಬರ್ 2024

ಚಿದಂಬರ ಅವರಿಗೆ,

ಸಂಜೆ ಆರು ಗಂಟೆ. ಇವತ್ತು ಅಟ್ಟದಿಂದ ಕಳೆದ ಕಾರ್ತಿಕದ ರಾಶಿ ಇಳಿಸಿದೆವು. ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು, ಯಾಕೆಂದರೆ ಮೊದಲು ಒಂದು ಜಾಗ ನೋಡಬೇಕಿತ್ತು.

ಹೋದ ಭಾನುವಾರ ಪ್ರತಿಮಾಳನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿದ್ದೆ. ದೇವಸ್ಥಾನದ ಕಡೆ ಹೋಗದೆ ನೇರ ಕೆರೆ ಏರಿಗೆ ಹೋದೆವು. ಹುಳು ಸಿಕ್ಕಿತೆಂದು ನಿಮ್ಮ ಲೇಖನದಲ್ಲಿ ಬರೆದ ಜಾಲಿ ಮರಗಳಿದ್ದವು. ಅವರ ಮಸೂರ ಹಿಡಿದು ಒಂದೊಂದು ತೊಗಟೆ ನೋಡಿದೆ. ಅಲ್ಲಿ ಮಾರಮ್ಮ ಎನ್ನುವ ಹೆಂಗಸು ಕಡಲೆಕಾಯಿ ಮಾರುತ್ತಿದ್ದಳು.

“ಏನ್ ಕಳ್ಕಂಡ್ಯವ್ವ? ಓಲೇನಾ?” ಎಂದಳು.

“ಹುಳ ಹುಡುಕ್ತಿದ್ದೀನಿ.”

“ಹುಳಾನಾ! ಅಯ್ಯೋ ನಮ್ಮನೆ ರಾಗಿ ಮೂಟೆ ಬಿಚ್ಚಿದ್ರೆ ಬೇಕಾದಷ್ಟೈತೆ, ಎತ್ಕಂಡು ಹೋಗು. ಬಸ್ಸಿನ ದುಡ್ಡಾದ್ರೂ ಉಳಿಯೋದು.”

ಪ್ರತಿಮಾ ನಕ್ಕಳು, ನಾನೂ ನಕ್ಕೆ. ಆಮೇಲೆ ಏರಿಯ ಕಲ್ಲಿನ ಮೇಲೆ ಕೂತು ಅತ್ತೆ. ಆ ಹೆಂಗಸು ಏನೂ ಕೇಳದೆ ಒಂದು ಪೊಟ್ಟಣ ಕಡಲೆಕಾಯಿ ಕೈಗಿಟ್ಟು ಹೋದಳು. ನಿಮ್ಮ ಒಂಬತ್ತು ಹಾಳೆ ನಂಬಿ ಬರುವವರು ಇನ್ನು ನೂರು ವರ್ಷ ಆ ಮರಗಳನ್ನೇ ಹುಡುಕುತ್ತಾರೆ. ಹುಳು ಇರುವುದು ನನ್ನ ತಲೆಯ ಮೇಲಿನ ದಬ್ಬೆಯಲ್ಲಿ.

ಈಗ ಚೀಟಿಗಳ ಮಾತು. ಒಲೆಗೆ ಹಾಕಿ ಎಂದಿದ್ದಿರಿ. ಅವತ್ತು ನಾನು ಅವನ್ನು ಸೆರಗಿನಲ್ಲಿ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದೆ. ಅತ್ತೆ ನೋಡಿದರು. “ಅಕ್ಷರ ಇರೋ ಕಾಗದ ಒಲೆಗೆ ಹಾಕ್ಬಾರ್ದು ಕಣೇ. ಅದೂ ಸತ್ತೋನ ಅಕ್ಷರ!” ಎಂದು ಬೈದು ಕೈಯಿಂದ ಕಿತ್ತುಕೊಂಡರು. ಈ ಮನೆಯಲ್ಲಿ ಹಳೇ ಪಂಚಾಂಗವನ್ನೂ ಸುಡುವುದಿಲ್ಲ. ಮಾವ ದೇವೀರಪ್ಪನವರ ಕಾಲದ ಚೀಟಿ ಚೀಟಿಯೂ ಪೆಟ್ಟಿಗೆಯಲ್ಲಿದೆ. ನೀವು ಎಷ್ಟೋ ಸಲ ಇಲ್ಲಿ ಉಂಡವರು, ಅದು ನಿಮಗೆ ನೆನಪಾಗಬೇಕಿತ್ತು. ನಲವತ್ತೊಂದು ಚೀಟಿಗಳೂ ಅತ್ತೆಯ ವಿಭೂತಿ ಡಬ್ಬಿಯಲ್ಲಿವೆ. ಒಂದೊಂದರ ನಡುವೆಯೂ ಸೂಜಿಯ ತೂತಿದೆ. ತಾರೀಖು, ರಾಶಿ, ದಬ್ಬೆ, ‘ಇಂದುಧರ’. ಮೊದಲನೆಯದು 2014ರದ್ದು.

ಹೆಸರು ಬದಲಾಗುವುದಿಲ್ಲ ಎಂದಿರಿ. ಪ್ರತಿಮಾ ತನ್ನ ಮೇಡಂ ಹತ್ತಿರ ಕೇಳಿದಳು, ಅದು ನಿಜವಂತೆ. ಆ ಹುಳು ಲೋಕ ಇರುವವರೆಗೆ ತಾನು ಇಲ್ಲದ ಊರಿನ ಹೆಸರನ್ನೇ ಹೊರಬೇಕು. ಆದರೆ ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂಬುದನ್ನು ತಿದ್ದಿ ಪ್ರಕಟಿಸಬಹುದಂತೆ. ಅದನ್ನು ನೀವು ಹೇಳಲಿಲ್ಲ.

ನಿನ್ನೆ ಇಂದ್ರೇಶನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ಬೇಡವೆಂದ.

“ಅತ್ತಿಗೆ, ಅಣ್ಣ ಹೋದ. ಹುಳಕ್ಕೆ ಯಾರ ಹೆಸರಿದ್ರೇನು? ಕೊಬ್ಬರಿ ಹೆಸರು ಉಳೀಲಿ.”

“ಹಂಗಾದ್ರೆ ಅಂಗಡಿ ಬೋರ್ಡಿನ ಮೇಲೆ ಇನ್ನೂ ಯಾಕೆ ನಿಮ್ಮಪ್ಪನ ಹೆಸರು ಇಟ್ಕೊಂಡಿದ್ದೀಯ? ಅವರು ಹೋಗಿ ಹದಿನೆಂಟು ವರ್ಷ ಆಯ್ತಲ್ಲ.”

ಅವನು ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, “ಬರೆಯೋದಾದ್ರೆ ಪೂರ್ತಿ ಬರೀರಿ. ಅದು ಕೊಬ್ಬರಿ ತಿನ್ನಲ್ಲ ಅಂತಾನೂ ಬರೀರಿ. ಅದೊಂದನ್ನ ಬಿಡ್ಬೇಡಿ” ಎಂದ. ಬಾಗಿಲ ಹತ್ತಿರ ನಿಂತು, “ಆ ಪೆಟ್ಟಿಗೇನ ತೊಡೆ ಮೇಲೆ ಇಟ್ಕೊಂಡು ಹೋಗಿ ಅವನ ಕೈಗೆ ಕೊಟ್ಟೋನು ನಾನೇ ಅಲ್ವಾ?” ಎಂದ. ನಿಮ್ಮನ್ನು ಅವನು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಇದೇ ಮೊದಲು.

ಆದ್ದರಿಂದ ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕರಿಗೂ, ಹುಳುಗಳನ್ನು ಇಟ್ಟಿರುವ ಸಂಗ್ರಹಾಲಯಕ್ಕೂ ಬರೆದಿದ್ದೇನೆ. ಪ್ರತಿಮಾ ಇಂಗ್ಲಿಷಿಗೆ ಮಾಡಿದ್ದಾಳೆ. ನಲವತ್ತೊಂದು ಚೀಟಿಗಳ ಜೆರಾಕ್ಸ್ ಇಟ್ಟಿದ್ದೇನೆ. ಅರಸೀಕೆರೆ ತಾಲ್ಲೂಕು, ಕಣಕಟ್ಟೆ, ದೇವೀರಪ್ಪನವರ ಮನೆಯ ಕೊಬ್ಬರಿ ಅಟ್ಟ ಎಂದು ಬರೆದಿದ್ದೇನೆ. ಹಳೇಬೀಡು ಎಂದು ಸುಳ್ಳು ಬರೆದ ಕೈ ನನ್ನದು ಎಂದೂ ಬರೆದಿದ್ದೇನೆ. ನೀವು ಹೆದರಿಸಿದಷ್ಟು ಅದು ಕಷ್ಟವಾಗಲಿಲ್ಲ.

ಡೈರಿಯ ಆ ಪುಟವನ್ನು ಮಾತ್ರ ಕಳಿಸುತ್ತಿಲ್ಲ. ಪ್ರತಿಮಾ ಕಳಿಸು ಎನ್ನುತ್ತಾಳೆ. ಇದು ನಿಮ್ಮ ಮೇಲಿನ ಕನಿಕರವಲ್ಲ. ಅವರು ಮೂರು ಚಮಚ ಗಂಜಿ ಕುಡಿದ ಕೊನೆಯ ದಿನ ಅದು. ನೀವು ಬಂದಿದ್ದಕ್ಕೇ ಕುಡಿದರು. ಅದನ್ನು ಯಾರ ಮೇಜಿನ ಮೇಲೂ ಹರಡಲು ನನಗೆ ಇಷ್ಟವಿಲ್ಲ.

ಇನ್ನು ಮುಂದೆ ನನಗೆ ಬರೆಯಬೇಡಿ. ಅತ್ತಿಗೆ ಎನ್ನಲೂ ಬೇಡಿ.

ರಾಶಿ ಇಳಿಸಿ ಖಾಲಿಯಾದ ಅಟ್ಟದ ಅಂಕಣದ ಗೋಡೆಯನ್ನು ಒರೆಸಲು ಮರಿಯಣ್ಣ ಬಟ್ಟೆ ತಂದ. ಎರಡು ವರ್ಷದಿಂದ ಉಳಿದಿರುವ ಅವರ ಅಕ್ಷರದ ಕಡೆ ಒರೆಸಬೇಡ ಎಂದೆ. ಅದರ ಕೆಳಗೆ ಈ ಸಲ ಹೊಸ ರಾಶಿಯ ತಿಂಗಳನ್ನು ನಾನೇ ಬರೆದೆ.

ಎರಡೂ ಲಕೋಟೆಗಳನ್ನು ಈ ಕಾಗದದ ಜೊತೆಯಲ್ಲೇ ರಿಜಿಸ್ಟರ್ ಮಾಡಿಸಬೇಕು. ನಾಳೆ ಸೋಮವಾರ, ಅಂಚೆ ಕಚೇರಿ ಒಂಬತ್ತೂವರೆಗೆ ತೆರೆಯುತ್ತದೆ.

ಉಷಾರಾಣಿ ಇಂದುಧರ